ಪೈಪ್ ಮೇಷ್ಟ್ರ ಬಾಯಿಗೆ ಬಾರದ ಅಕ್ಷರ

ಬೆಳಿಗ್ಗೆ ಹುಣಸೂರಿನಲ್ಲಿ ಕುಶಾಲನಗರದ ಬಸ್ಸು ಹತ್ತಿದ ಕೂಡಲೇ ಕನಕರಾಜು ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತಾರೆ. ಕಂಡಕ್ಟರ್ ಬಂದು "ಎಲ್ಲಿಗೆ?" ಅಂದರೆ ಪಕ್ಕದಲ್ಲಿ ಕೂತ ನಾನು ಆಧಾರ್ ಕಾರ್ಡು ಎತ್ತಿ ಹಿಡಿದು, "ನಂದು ಫ್ರೀ, ಇವರದೊಂದು ಪಿರಿಯಾಪಟ್ಟಣ" ಅನ್ನುತ್ತೇನೆ. ಹೊಸ ಕಂಡಕ್ಟರುಗಳು ನಮ್ಮನ್ನು ಗಂಡ ಹೆಂಡತಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಈ ವಯಸ್ಸಿನಲ್ಲಿ, ಈ ಮಂಡಿನೋವು ಇಟ್ಟುಕೊಂಡು, ಕಂಡಕಂಡವರಿಗೆಲ್ಲ ಬಿಡಿಸಿ ಹೇಳುತ್ತಾ ಕೂರುವ ತಾಳ್ಮೆ ನನಗಿಲ್ಲ.

ನಾನು ಇಂಗ್ಲಿಷ್ ಪಾಠ ಮಾಡುವವಳು, ಹೆಸರು ಬೃಂದಾ. ಅವರು ಗಣಿತದ ಮೇಷ್ಟ್ರು. ಪಿರಿಯಾಪಟ್ಟಣದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಬೆಟ್ಟದಪುರದ ದಿಕ್ಕಿಗೆ ಹೋದರೆ ನಡುವೆ ಸಿಗುವ ಹಳ್ಳಿ ಹೈಸ್ಕೂಲು ನಮ್ಮಿಬ್ಬರದು. ಕನಕರಾಜು ಉಗ್ಗುತ್ತಾರೆ. ಎಲ್ಲ ಅಕ್ಷರಕ್ಕೂ ಅಲ್ಲ. ಕ, ತ ಬಂದರೆ ಒಂದಿಷ್ಟು ತಡವರಿಸಿ ಹೇಗೋ ದಾಟಿಕೊಳ್ಳುತ್ತಾರೆ. ಪ ಬಂದರೆ ಮುಗಿಯಿತು. ತುಟಿಗಳೆರಡೂ ಅಂಟಿಕೊಳ್ಳುತ್ತವೆ, ಕತ್ತಿನ ನರ ಉಬ್ಬುತ್ತದೆ, ನೋಡುವವರಿಗೇ ಉಸಿರು ಕಟ್ಟುತ್ತದೆ. ದಿನಾ ಹೋಗಿ ಇಳಿಯಬೇಕಾದ ಊರೇ ಪಿರಿಯಾಪಟ್ಟಣವಾದರೆ ಆ ಮನುಷ್ಯ ಏನು ಮಾಡಬೇಕು? ನಾನು ಈ ಶಾಲೆಗೆ ವರ್ಗವಾಗಿ ಬರುವ ತನಕ ಅವರು ಕುಶಾಲನಗರಕ್ಕೇ ಟಿಕೆಟ್ ತೆಗೆದುಕೊಂಡು ನಡುವೆ ಇಳಿದುಬಿಡುತ್ತಿದ್ದರಂತೆ. ಒಮ್ಮೆ ಒಬ್ಬ ಕಂಡಕ್ಟರ್, "ನಿಮ್ದು ಕುಶಾಲನಗರ ಕಣ್ರೀ, ಕೂತ್ಕಳಿ, ಇನ್ನೂ ದೂರ ಐತೆ" ಅಂತ ಭುಜ ಹಿಡಿದು ಕೂರಿಸಿದ. ಇಲ್ಲ, ನನ್ನ ಊರು ಇದೇ ಅನ್ನಲು ಬಾಯಿ ಬರದೆ ಬೈಲಕುಪ್ಪೆಯ ತನಕ ಹೋಗಿ ವಾಪಸ್ ಬಂದರು. ಇದನ್ನು ಹೇಳಿ ಅವರು ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

ಶಾಲೆಯಿರುವ ಊರಿನಲ್ಲಿ ಅವರನ್ನು ಕರೆಯುವುದು ಪೈಪ್ ಮೇಷ್ಟ್ರು ಅಂತ. ಹೊಸದಾಗಿ ಬಂದವರು ಇವರಿಗೆ ಬೋರ್‌ವೆಲ್ ಪೈಪಿನ ಅಂಗಡಿಯೂ ಇರಬೇಕು ಅಂದುಕೊಂಡು, "ಎರಡಿಂಚಿಂದು ಐತಾ ಸಾ?" ಅಂತ ವಿಚಾರಿಸಿದ್ದೂ ಉಂಟು. ಹೆಸರು ಬಂದದ್ದು ಒಂದು ಪದದಿಂದ. ಪ್ಯಾರಲೆಲೆಪೈಪೆಡ್. ಖಾಲಿ ಬೆಂಕಿಪೊಟ್ಟಣದ ಹೊರಗವಚವನ್ನು ಒಂದು ಪಕ್ಕಕ್ಕೆ ಒತ್ತಿದರೆ ಅದು ಓರೆಯಾಗಿ ವಾಲಿಕೊಳ್ಳುತ್ತದಲ್ಲ, ಆ ಆಕಾರದ ಹೆಸರು. ಆರು ಮುಖ, ಎದುರುಬದುರಿನ ಮುಖಗಳು ಒಂದಕ್ಕೊಂದು ಸಮಾಂತರ. ನಮ್ಮ ಹತ್ತನೇ ತರಗತಿಯ ಪುಸ್ತಕದಲ್ಲಿ ಅದು ಇಲ್ಲ. ಆದರೂ ಪ್ರತಿ ಜೂನ್‌ನಲ್ಲಿ ಮೊದಲ ಪಾಠಕ್ಕೆ ಹೋದಾಗ ಅವರು ಕರಿಹಲಗೆಯ ಮೇಲೆ ಬರೆಯುವುದು ಅದನ್ನೇ. ಬರೆದು, ಆರು ತುಂಡು ಮಾಡಿ, ಕೈಯಲ್ಲಿರುವ ಸ್ಕೇಲನ್ನು ಮೇಜಿಗೆ ಒಂದೊಂದು ತುಂಡಿಗೆ ಒಂದೊಂದು ಸಲ ಕುಟ್ಟುತ್ತಾರೆ. ಮಕ್ಕಳೆಲ್ಲ ಬೆಂಚು ಕುಟ್ಟುತ್ತಾ ಒಟ್ಟಿಗೆ ಕೂಗುತ್ತಾರೆ: ಪ್ಯಾ, ರ, ಲೆ, ಲೆ, ಪೈ, ಪೆಡ್! ಪಕ್ಕದ ಕೋಣೆಯಲ್ಲಿ ನಾನು ಪದ್ಯ ಹೇಳುತ್ತಿದ್ದರೆ ನನ್ನ ಪದ್ಯ ಅಲ್ಲಿಗೆ ನಿಂತಿತು ಅಂತಲೇ ಲೆಕ್ಕ.

ಮೊದಲ ವರ್ಷ ನಾನು ಜಗಳಕ್ಕೇ ಹೋದೆ. ಬಾಗಿಲಲ್ಲಿ ನಿಂತು ಬಯ್ಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಅಷ್ಟು ಮಕ್ಕಳ ದನಿಯ ನಡುವೆ ಕನಕರಾಜು ಕೂಡ ಕೂಗುತ್ತಿದ್ದರು. ತಲೆ ಎತ್ತಿಕೊಂಡು, ಕಣ್ಣು ಅರಳಿಸಿಕೊಂಡು, ಒಂದು ಚೂರೂ ಉಗ್ಗದೆ. ಎಲ್ಲರ ಜೊತೆ ಸೇರಿ ಹೇಳಿದರೆ ಅವರ ನಾಲಗೆ ಹಿಡಿಯುವುದಿಲ್ಲ. ಆ ಕಾರಣಕ್ಕೇ ಅವರ ತರಗತಿಯಲ್ಲಿ ಎಲ್ಲವೂ ಒಟ್ಟಿಗೆ. ಸೂತ್ರ ಒಟ್ಟಿಗೆ, ಪ್ರಮೇಯ ಒಟ್ಟಿಗೆ, ಉತ್ತರವೂ ಒಟ್ಟಿಗೆ. ಹಾಜರಿ ಮಾತ್ರ ನಂಬರಿನಲ್ಲಿ ಕರೆಯುತ್ತಿದ್ದರು. ಮಕ್ಕಳ ಹೆಸರಿನಲ್ಲಿ ಪ ಎಷ್ಟಿರುತ್ತವೆ ಅಂತ ಬೇರೆಯವರಿಗೆ ಗೊತ್ತಾಗುವುದಿಲ್ಲ, ಅವರಿಗೆ ಗೊತ್ತು.

ಆ ಪದವನ್ನು ಅವರಿಗೆ ಕೊಟ್ಟವರು ರೇಣುಕಾಪ್ರಸಾದ್ ಅಂತ, ಮೈಸೂರಿನ ಕಾಲೇಜಿನಲ್ಲಿ ಅವರಿಗೆ ಗಣಿತ ಹೇಳಿದವರು. ಇದನ್ನು ಕನಕರಾಜು ನನಗೆ ಹೇಳಿದ್ದು ಕಂತುಕಂತಾಗಿ, ಬಸ್ಸಿನಲ್ಲಿ. ಒಂದು ದಿನ ಆ ಲೆಕ್ಚರರ್ ಇವರನ್ನು ಎಬ್ಬಿಸಿ ಆಕಾರದ ಹೆಸರು ಕೇಳಿದರು. ಇವರು ಪ ಅನ್ನಲಾಗದೆ ನಿಂತರು. ತರಗತಿ ನಕ್ಕಿತು. ಹಿಂದಿನ ಬೆಂಚಿನವನೊಬ್ಬ ಪ್ರೆಶರ್ ಕುಕ್ಕರ್ ಥರ ಸೀಟಿ ಹಾಕಿದ. ಸಂಜೆ ಲೆಕ್ಚರರ್ ಇವರನ್ನು ಸ್ಟಾಫ್ ರೂಮಿಗೆ ಕರೆಸಿ, ದಪ್ಪನೆಯ ನಿಘಂಟು ತೆರೆದು ತೋರಿಸಿದರು.

"ಇದು ಒಂದು ಪದ ಅಲ್ಲ ಕಣಯ್ಯ, ನಾಲ್ಕು. ಗ್ರೀಕರದು. ಪರಾ ಅಂದ್ರೆ ಪಕ್ಕದಲ್ಲಿ. ಅಲ್ಲೇಲೋನ್ ಅಂದ್ರೆ ಒಬ್ಬರಿಗೊಬ್ಬರು. ಎಪಿ ಅಂದ್ರೆ ಮೇಲೆ. ಪೆದೋನ್ ಅಂದ್ರೆ ನೆಲ. ಒಬ್ಬರ ಪಕ್ಕ ಒಬ್ಬರು, ನೆಲದ ಮೇಲೆ. ಅಷ್ಟೇ ಅದರ ಕಥೆ."

ನಾನು ಇಂಗ್ಲಿಷಿನವಳಲ್ಲವೇ, ಮನೆಗೆ ಹೋಗಿ ನನ್ನ ನಿಘಂಟಿನಲ್ಲೂ ನೋಡಿದೆ. ಆ ಪುಣ್ಯಾತ್ಮ ಹೇಳಿದ್ದು ಸರಿಯಾಗಿತ್ತು. ಉಚ್ಚಾರವೂ ಒಂದಲ್ಲ, ಎರಡು ಕೊಟ್ಟಿದ್ದರು. ಈಗ ಎಲ್ಲರೂ ಲೆಲೆ ಆದಮೇಲೆ ನಿಂತು ಪೈ ಅಂತ ಒತ್ತುತ್ತಾರೆ. ಹಳಬರು ಪ್ಯಾರಲೆಲ್ ಅಂತ ಒಂದು ಸಲ ನಿಲ್ಲಿಸಿ, ಆಮೇಲೆ ಎಪಿಪೆಡ್ ಅನ್ನುತ್ತಿದ್ದರು. ಗ್ರೀಕರ ಬೆಸುಗೆ ಇರುವುದು ಅಲ್ಲೇ. ನಾಲಗೆ ಈಗ ಪದವನ್ನು ಮುರಿಯುವುದು ಒಂದು ಕಡೆ, ಅರ್ಥ ಮುರಿಯುವುದು ಇನ್ನೊಂದು ಕಡೆ. ಕನಕರಾಜು ತರಗತಿಯಲ್ಲಿ ಹೊಸಬರ ಹಾಗೆ ಆರು ತುಂಡು ಮಾಡಿದರೂ, ಒಬ್ಬರೇ ಹೇಳಬೇಕಾದರೆ ಹಳಬರ ಹಾಗೆ ಅರ್ಥ ಮುರಿದಲ್ಲಿ ನಿಲ್ಲುತ್ತಾರೆ. ತಲೆಯ ಮೇಲಿನ ಹೊರೆಯನ್ನು ಇಳಿಸಿ ಒಂದು ಗಳಿಗೆ ಕೂರಲು ಹಳೆಯ ದಾರಿಗಳಲ್ಲಿ ಕಲ್ಲು ನೆಡುತ್ತಿದ್ದರಲ್ಲ, ಹಾಗೆ ಅವರಿಗೆ ಆ ಬೆಸುಗೆ.

"ಮೊದಲ್ನೇ ಅಕ್ಷರಕ್ಕೆ ಏನು ಮಾಡ್ತೀರಿ? ಅದಕ್ಕಿಂತ ಮುಂಚೆ ಕೂರಕ್ಕೆ ಜಾಗ ಇಲ್ವಲ್ಲ?" ಅಂತ ಕೇಳಿದೆ.

ಅದಕ್ಕೂ ಲೆಕ್ಚರರ್ ಒಂದು ದಾರಿ ಹೇಳಿದ್ದರು. "ತಳ್ಳಬೇಡ. ಮೊದಲ ತುಂಡಿನ ಅರ್ಥವೇ ಪಕ್ಕದಲ್ಲಿ ಅಂತ. ಹೋಗಿ ಅದರ ಪಕ್ಕ ನಿಂತ್ಕೋ. ನಿನಗೆ ಅವಸರ ಇಲ್ಲ ಅಂತ ಅದಕ್ಕೆ ಗೊತ್ತಾಗಲಿ." ಹೇಳಿ, ಕೈ ಕಟ್ಟಿಕೊಂಡು ಎದುರು ಕೂತರು. ಜವಾನ ಬಂದು ಕಿಟಕಿ ಹಾಕಿಕೊಂಡು ಹೋದ. ಹೊರಗೆ ಸೈಕಲ್ ಸ್ಟ್ಯಾಂಡ್ ಖಾಲಿಯಾಯಿತು. ಕೊನೆಗೆ ಆ ಪದ ಬಂತು.

"ಅವರು ಕಾದ್ರು ಮೇಡಂ," ಅಂದರು ಕನಕರಾಜು. "ಅಷ್ಟು ಹೊತ್ತು ನನಗೋಸ್ಕರ ಯಾರೂ ಕಾದಿರ್ಲಿಲ್ಲ. ಎಲ್ರೂ ನನ್ನ ಮಾತನ್ನ ತಾವೇ ಮುಗಿಸಿಬಿಡ್ತಿದ್ರು."

ಆಮೇಲೂ ಯಾರೂ ಕಾಯಲಿಲ್ಲ. ಕಾಯಲು ಜನಕ್ಕೆ ಪುರುಸೊತ್ತಾದರೂ ಎಲ್ಲಿದೆ? ಮೊಬೈಲು ಬಂದ ಮೇಲಂತೂ ಇನ್ನೂ ಕಷ್ಟವಾಯಿತು. ಇವರು ಫೋನೆತ್ತಿ ಮೊದಲ ಮಾತಿಗೆ ತಿಣುಕುತ್ತಿದ್ದರೆ ಆ ಕಡೆಯವರು "ಹಲೋ, ಹಲೋ, ಸಿಗ್ನಲ್ ಇಲ್ಲ ಕಣ್ರೀ" ಅಂತ ಕಟ್ ಮಾಡುತ್ತಾರೆ. ಮತ್ತೆ ಮಾಡಿದರೆ ಮತ್ತೆ ಅದೇ. ಸಂಜೆ ಬಸ್ಸಿನಲ್ಲಿ ಅವರು ದವಡೆಯನ್ನು ಬೆರಳಿನಿಂದ ಒತ್ತಿಕೊಳ್ಳುತ್ತಾ ಕೂರುತ್ತಾರೆ. ಇಡೀ ದಿನ ಮಾತಾಡಿ ನನಗೆ ಗಂಟಲು ನೋಯುತ್ತಿರುತ್ತದೆ. ಅವರ ಆಯಾಸ ಬೇರೆ. ಪ್ರತಿ ವಾಕ್ಯದಲ್ಲೂ ಮುಂದೆ ಯಾವ ಅಕ್ಷರ ಬರುತ್ತಿದೆ ಅಂತ ನೋಡುತ್ತಾ, ಅದನ್ನು ತಪ್ಪಿಸಲು ಇನ್ನೊಂದು ಮಾತು ಹುಡುಕುತ್ತಾ, ಬಳಸುದಾರಿಯಲ್ಲೇ ನಡೆದು ದಿನ ಮುಗಿಸುವ ಆಯಾಸ. "ಮಾತಾಡಿ ಸುಸ್ತಾಗೋದು ಹೆಂಗಿರುತ್ತೆ ಅಂತ ನನಗೆ ಗೊತ್ತಿಲ್ಲ ಮೇಡಂ. ಮಾತು ತಪ್ಪಿಸಿ ತಪ್ಪಿಸಿ ಸುಸ್ತಾಗಿದೀನಿ" ಅಂದಿದ್ದರು ಒಮ್ಮೆ. ಅವತ್ತು ನನಗೆ ಅಳು ಬಂದಿತ್ತು.

ಇಂಥ ಮನುಷ್ಯನ ಒಬ್ಬಳೇ ಮಗಳ ಹೆಸರು ಪವಿತ್ರಾ.

ಮಗು ಹುಟ್ಟಿದ್ದು ಉತ್ತರಾ ನಕ್ಷತ್ರದ ಮೂರನೇ ಪಾದ. ಪಂಚಾಂಗ ನೋಡಿದ ಪುರೋಹಿತರು ಪ ಅಕ್ಷರವೇ ಆಗಬೇಕು ಅಂದರು. ಇವರ ತಾಯಿ ಚಾಮುಂಡಮ್ಮ ಕೂಡಲೇ ಪವಿತ್ರಾ ಅಂತ ಗೊತ್ತುಮಾಡಿದರು. ಮಗನ ಕಷ್ಟ ತಾಯಿಗೆ ಹೊಳೆಯಲಿಲ್ಲವೇ ಅಂತ ನಾನು ಕೇಳಿದ್ದಕ್ಕೆ, "ಆ ಸಂಭ್ರಮದಲ್ಲಿ ಯಾರಿಗೆ ಹೊಳೀತದೆ? ನಾನು ಬೇಡ ಅನ್ಬೋದಿತ್ತು. ಯಾವ ಅಕ್ಷರ ಬೇಡ ಅಂತ ಹೇಳಕ್ಕೆ ಮೊದಲು ಆ ಅಕ್ಷರ ಅನ್ನಬೇಕಲ್ಲ" ಅಂದರು. ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಅಪ್ಪ ಹೇಳುವ ಪ್ರಮೇಯ ಬರಲಿಲ್ಲ. ಅಂದಿನಿಂದ ಅವಳು ಇವರಿಗೆ ಬರೀ ಮಗಾ. ನಮ್ಮ ಶಾಲೆಯಲ್ಲೇ, ಇವರ ತರಗತಿಯಲ್ಲೇ ಓದಿದಳು. ಅಲ್ಲಿ ಹಾಜರಿಯಲ್ಲಿ ಅವಳು ಇಪ್ಪತ್ತೊಂದನೇ ನಂಬರು. ಆಮೇಲೆ ನರ್ಸಿಂಗ್ ಮುಗಿಸಿ ಎಚ್.ಡಿ. ಕೋಟೆಯಲ್ಲಿ ಕೆಲಸಕ್ಕೆ ಸೇರಿದಳು. ಫೋನಿನಲ್ಲೂ ಮಗಾ.

ಈ ವರ್ಷ ಅವಳಿಗೆ ಕೆ.ಆರ್. ನಗರದ ಕಡೆಯ ಸಂಬಂಧ ಕೂಡಿಬಂತು. ಹುಡುಗ ಸಿದ್ದಾರ್ಥ, ಲ್ಯಾಬ್ ಟೆಕ್ನೀಷಿಯನ್. ಇವಳೇ ಮೆಚ್ಚಿಕೊಂಡ ಹುಡುಗ. ಒಪ್ಪಿಗೆಯಾಗಿ, ವೀಳ್ಯದ ಶಾಸ್ತ್ರಕ್ಕೆ ದಿನ ಗೊತ್ತಾಯಿತು. ನಮ್ಮ ಕಡೆ ವೀಳ್ಯದ ಶಾಸ್ತ್ರವೆಂದರೆ ಬಾಯಿಮಾತಿನದೇ ಶಾಸ್ತ್ರ. ಎರಡು ಮನೆಯವರು ಜಮಖಾನದ ಮೇಲೆ ಎದುರುಬದುರು ಕೂರುತ್ತಾರೆ. ಹುಡುಗಿಯ ಅಪ್ಪ ಎಲೆ ಅಡಿಕೆ ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದು, ನಮ್ಮ ಮಗಳು ಇಂಥವಳನ್ನು ನಿಮ್ಮ ಮಗ ಇಂಥವನಿಗೆ ಕೊಡುತ್ತೇವೆ ಅಂತ ಹೆಸರು ಹಿಡಿದು ಗಟ್ಟಿಯಾಗಿ ಹೇಳಬೇಕು. ಆಗ ಗಂಡಿನ ಕಡೆಯವರು ತಟ್ಟೆ ಈಸಿಕೊಳ್ಳುತ್ತಾರೆ. ಅದಾಗುವ ತನಕ ಯಾರೂ ಒಂದು ಎಲೆ ಕೂಡ ಬಾಯಿಗೆ ಹಾಕುವ ಹಾಗಿಲ್ಲ.

ಅಪ್ಪನೇ ಹೇಳಬೇಕೆಂದೇನೂ ಇಲ್ಲ, ಮನೆಯ ಹಿರಿಯರು ಯಾರು ಹೇಳಿದರೂ ನಡೆಯುತ್ತದೆ. ಕನಕರಾಜು ಅವರ ಹೆಂಡತಿಯ ತಮ್ಮ ಉಮಾಶಂಕರ ಬೆಟ್ಟದಪುರದಲ್ಲಿ ಹೊಗೆಸೊಪ್ಪು ಬೆಳೆಯುವವನು, ಹರಾಜು ಕಟ್ಟೆಯಲ್ಲಿ ಕೂಗಿ ಕೂಗಿ ಗಟ್ಟಿ ಗಂಟಲು ಮಾಡಿಕೊಂಡವನು. ಅವನು ಮೊದಲೇ ಹೇಳಿದ್ದ. "ಭಾವ, ನೀವು ತಟ್ಟೆ ಇಡ್ಕಂಡು ನಿಂತ್ಕಳಿ ಸಾಕು. ಮಾತು ನಂಗೆ ಬುಡಿ. ಅಷ್ಟು ಜನದ ಮುಂದೆ ನೀವು ನಿಂತೋದ್ರೆ ಮಗೀಗೂ ಉಗ್ಗು ಐತಾ ಅಂತ ಕೇಳ್ತಾರೆ."

ಇದನ್ನು ಕನಕರಾಜು ಬಸ್ಸಿನಲ್ಲಿ ನನಗೆ ಹೇಳಿದರು. ನಾನೂ ಅದೇ ಸರಿ ಅಂದೆ. ಅವರು ತಲೆಯಾಡಿಸಿದರು.

"ಈ ಸಲ ನಾನೇ ಹೇಳ್ತೀನಿ ಮೇಡಂ."

"ಯಾಕ್ರೀ ಬೇಕು ಇಲ್ಲದ ಉಸಾಬರಿ?" ಅಂದೆ. ನನಗೆ ನಿಜಕ್ಕೂ ರೇಗಿತ್ತು. ಸುಸ್ತಾಗಿದೀನಿ ಅನ್ನುವವರೂ ಇವರೇ, ಇನ್ನೊಂದು ಹೊರೆ ಎತ್ತಿಕೊಳ್ಳುವವರೂ ಇವರೇ.

ಅವರ ಉತ್ತರ ಶುರುವಾಗಿ ಮುಗಿಯುವಷ್ಟರಲ್ಲಿ ಕಂಪಲಾಪುರ ದಾಟಿತ್ತು. ನಾನು ಕೂಡಿಸಿಕೊಂಡದ್ದು ಇಷ್ಟು: "ಹುಟ್ಟಿದಾಗಿನಿಂದ ಒಂದ್ಸಲನೂ ಅವಳನ್ನ ಹೆಸರಿಡಿದು ಕರ್ದಿಲ್ಲ. ಈಗ ಇನ್ನೊಬ್ರ ಮನೆಗೆ ಕೊಡ್ತಾ ಇದೀನಿ. ಹೆಸರೇ ಹೇಳ್ದೆ ಹೆಂಗೆ ಕೊಡೋದು ಮೇಡಂ?"

ಮನಸ್ಸು ತಡೆಯದೆ ಶಾಲೆಯಲ್ಲಿ ಕನ್ನಡ ಪಂಡಿತರಾದ ವೀರಭದ್ರಸ್ವಾಮಿಯವರನ್ನು, ಪವಿತ್ರಾ ಅನ್ನುವುದನ್ನು ಎಲ್ಲಿ ಮುರಿಯಬಹುದು ಅಂತ ಕೇಳಿದೆ. ಅವರು ಸಂಸ್ಕೃತದ ಧಾತು ಹೇಳಿದರು, ಪೂ ಅಂದರೆ ಶುದ್ಧ ಮಾಡು, ಮುರಿಯುವುದಾದರೆ ಪವ್ ಆದಮೇಲೆ. ಓಡಿ ಬಂದು ಕನಕರಾಜುಗೆ ಹೇಳಿದೆ. ಅವರು ಉಪಕಾರ ನೆನೆಯುವವರ ಹಾಗೆ ಕೇಳಿಸಿಕೊಂಡು, "ಒಳಗೆ ಕೂರಕ್ಕೆ ಜಾಗ ಸಿಕ್ತು. ನನ್ನ ಕಷ್ಟ ಬಾಗಿಲಲ್ಲೇ ಅಲ್ವಾ" ಅಂದರು.

ವೀಳ್ಯದ ದಿನ ಹುಣಸೂರಿನ ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಒಳಗಿನ ಕೋಣೆಯಲ್ಲಿ ಪವಿತ್ರಾಗೆ ಹೆಂಗಸರು ಹೂ ಮುಡಿಸುತ್ತಿದ್ದರು. ನಾನು ಆ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ, ಕೆಳಗೆ ಕೂತರೆ ನನ್ನನ್ನು ಎಬ್ಬಿಸಲು ಇಬ್ಬರು ಬೇಕು. ಗಂಡಿನ ಕಡೆಯವರು ಎರಡು ಟಿಟಿ ವ್ಯಾನಿನಲ್ಲಿ ಬಂದಿಳಿದರು. ಅವರಲ್ಲಿ ಹಿರಿಯ ಹುಡುಗನ ತಾತ ಕರಿಯಯ್ಯ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಊರುಗೋಲು. ಎಲೆ ಅಡಿಕೆ ಬಿಟ್ಟಿರಲಾರದ ಮನುಷ್ಯ ಅನ್ನುವುದು ಅವರ ತುಟಿಯೇ ಹೇಳುತ್ತಿತ್ತು.

ಕನಕರಾಜು ತಟ್ಟೆ ಹಿಡಿದು ಮಂಡಿಯೂರಿದರು. ಉಮಾಶಂಕರ ಪಕ್ಕದಲ್ಲೇ ಸಿದ್ಧವಾಗಿ ಕೂತ. ಮಾತು ನಿಂತು ಎಲ್ಲರೂ ಇತ್ತ ತಿರುಗಿದರು.

"ನಮ್ಮ ಮಗಳು," ಅಂದರು ಕನಕರಾಜು. ಅಷ್ಟು ಸಲೀಸಾಗಿ ಬಂತು. ಆಮೇಲೆ ತುಟಿ ಮುಚ್ಚಿಕೊಂಡಿತು.

ಮೊದಲು ಯಾರಿಗೂ ಗೊತ್ತಾಗಲಿಲ್ಲ, ಮಗಳನ್ನು ಕೊಡುವ ಅಪ್ಪನಿಗೆ ದುಃಖ ಬಂದಿದೆ ಅಂದುಕೊಂಡರು. ಆಮೇಲೆ ಗೊತ್ತಾಯಿತು. ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಮಾಶಂಕರ ಗಂಟಲು ಸರಿಮಾಡಿಕೊಂಡು, "ನಮ್ಮ ಮಗಳು..." ಅಂತ ಎತ್ತಿಕೊಂಡ. ಕನಕರಾಜು ತಟ್ಟೆಯಿಂದ ಒಂದು ಕೈ ತೆಗೆದು ಅವನ ತೊಡೆಯ ಮೇಲಿಟ್ಟರು. ಅವನು ಹಿಂದೆ ಸರಿದು ಕೂತ. ನನ್ನ ಬಾಯಿಯೂ ಆ ಹೆಸರು ಕೂಗಲು ತುದಿಗಾಲಲ್ಲಿ ನಿಂತಿತ್ತು, ದಿನಾ ಬಸ್ಸಿನಲ್ಲಿ ಕೂಗುವ ಬಾಯಿ. ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ.

ಆಗ ನಾನು ಅವರ ಕತ್ತು ನೋಡಿದೆ. ನರ ಉಬ್ಬಿರಲಿಲ್ಲ. ಅವರು ತಳ್ಳುತ್ತಿರಲಿಲ್ಲ. ಕಣ್ಣು ತಗ್ಗಿಸಿ, ಆ ಅಕ್ಷರದ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು.

ಕರಿಯಯ್ಯ ಊರುಗೋಲನ್ನು ಜಮಖಾನದ ಮೇಲೆ ಮಲಗಿಸಿದರು. "ನಿಧಾನಕ್ಕೆ ಯೋಳಪ್ಪ. ಎಲೆ ಏನ್ ಬಾಡೋಗಾಕಿಲ್ಲ" ಅಂದರು. ಅಂದು, ಕಾಲು ಮಡಚಿ ಸರಿಯಾಗಿ ಕೂತರು. ಅವರು ಹಾಗೆ ಕೂತದ್ದನ್ನು ನೋಡಿ ಉಳಿದವರೂ ಸರಿಯಾಗಿ ಕೂತರು. ಅಡುಗೆಯ ಕಡೆ ಪಾತ್ರೆಯ ಸದ್ದನ್ನು ಯಾರೋ ನಿಲ್ಲಿಸಿದರು.

ಎಷ್ಟು ಹೊತ್ತೋ ಕಾಣೆ. ಒಂದು ಪ ಬಂತು, ಬಂದು ಒಡೆಯಿತು. ಇನ್ನೊಂದು ಬಂತು. ಕನಕರಾಜು ಅದನ್ನು ಮುಚ್ಚಿಡಲಿಲ್ಲ, ಕೆಮ್ಮಿನಲ್ಲಿ ಮರೆಸಲಿಲ್ಲ, ಬೇರೆ ಮಾತಿಗೆ ಹಾರಲಿಲ್ಲ. ಇರುವಷ್ಟೂ ಉಗ್ಗನ್ನು ಎರಡು ಊರಿನವರ ಮುಂದೆ ಉಗ್ಗಿದರು. ಆಮೇಲೆ ಪವ್ ಅಂತ ಬಂದು ನಿಂತಿತು. ಒಂದು ಉಸಿರು ಎಳೆದುಕೊಂಡು ಉಳಿದದ್ದನ್ನೂ ಹೇಳಿದರು. "ಪವಿತ್ರಾ. ಪವಿತ್ರಾ ಅನ್ನೋಳ್ನ ನಿಮ್ಮ ಮಗ ಸಿದ್ದಾರ್ಥನಿಗೆ ಕೊಡ್ತಾ ಇದೀವಿ."

"ಈಸ್ಕಂಡೋ" ಅಂತ ಕರಿಯಯ್ಯ ತಟ್ಟೆಗೆ ಕೈ ಚಾಚಿದರು. ಮೊದಲ ಎಲೆಗೆ ಸುಣ್ಣ ಸವರಿ ಕನಕರಾಜುಗೇ ಕೊಟ್ಟರು.

ಒಳಗೆ ಪವಿತ್ರಾ ಅಳುತ್ತಿದ್ದಳು. ಹೂ ಮುಡಿಸುತ್ತಿದ್ದ ಹೆಂಗಸರು, ಮದುವೆ ಹುಡುಗಿ ಅಂದಮೇಲೆ ಅಳು ಇದ್ದದ್ದೇ ಅಂತ ಸಮಾಧಾನ ಮಾಡುತ್ತಿದ್ದರು. ಅವಳು ನನ್ನ ಕೈ ಹಿಡಿದುಕೊಂಡು, "ಮೇಡಂ, ಅಪ್ಪನ ಬಾಯಲ್ಲಿ ನನ್ನ ಹೆಸರು ಹೆಂಗಿರುತ್ತೆ ಅಂತ ಇವತ್ತು ಗೊತ್ತಾಯ್ತು" ಅಂದಳು. ಊಟಕ್ಕೆ ಮುಂಚೆ ಅಪ್ಪನ ಕಾಲಿಗೆ ನಮಸ್ಕಾರ ಮಾಡುವಾಗ, "ಅಪ್ಪ, ಇನ್ನೊಂದ್ಸಲ ಕರಿ" ಅಂತಲೂ ಕೇಳಿದಳಂತೆ. ಕನಕರಾಜು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಂದಕ್ಕೊರಗಿ, "ಸಾಕಾಗೋಗಿದೆ ಮಗಾ, ಇವತ್ತು ಬುಡು" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಒಂದು ಎಕರೆ ಉತ್ತು ಬಂದವರ ಹಾಗೆ ಕೂತಿದ್ದರು, ಪಾಯಸವನ್ನೂ ಮುಟ್ಟಲಿಲ್ಲ.

ಮಾರನೇ ದಿನ ಎಂದಿನಂತೆ ಬಸ್ಸು. ಕಂಡಕ್ಟರ್ ಬಂದ. ಈ ಸಲ ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡು ಕೂತೆ. ಕನಕರಾಜು ನನ್ನನ್ನು ನೋಡಿ ನಕ್ಕು, "ನೀವೇ ಹೇಳ್ಬುಡಿ ಮೇಡಂ. ನಿನ್ನೆ ಸುಸ್ತೇ ಇನ್ನೂ ಇಳ್ದಿಲ್ಲ" ಅಂದರು. ಹೇಳಿದೆ. ಒಂದು ಹೆಸರು ಬಂತೆಂದು ಎಲ್ಲ ಹೆಸರೂ ಬರುತ್ತವೆಯೇ? ಅವರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

ಊರು ದಾಟುತ್ತಿದ್ದಂತೆ ಫೋನ್ ಬಂತು. ಎಚ್.ಡಿ. ಕೋಟೆಯಿಂದ ಮಗಳು. ಅವರಿಗೆ ಸರಿಯಾಗಿ ಕೇಳಿಸಲೆಂದು ಯಾವಾಗಲೂ ಸ್ಪೀಕರಿಗೆ ಹಾಕುತ್ತಾರೆ, ಹಾಗಾಗಿ ನನಗೂ ಕೇಳಿಸಿತು.

"ಅಪ್ಪ, ನಿನ್ನೆ ಸಾಕಾಯ್ತು ಅಂದೆ. ಇವತ್ತು ಕರೀತೀಯಾ?"

ಕನಕರಾಜು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತುಟಿ ಮುಚ್ಚಿತು. ತಳ್ಳಲಿಲ್ಲ. ಹೊರಗೆ ಹೊಗೆಸೊಪ್ಪಿನ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಒಂದು ಸ್ಟಾಪ್ ಬಂತು, ಜನ ಇಳಿದರು, ಜನ ಹತ್ತಿದರು. ಆ ಕಡೆಯಿಂದ ಅವಳು ಹಲೋ ಅಂತ ಕೂಡ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ಯಾರೋ ಸಿಸ್ಟರ್ ಅಂತ ಕೂಗಿದ್ದು, ಅವಳು "ಇರಿ ಸ್ವಲ್ಪ" ಅಂದದ್ದು ಕೇಳಿಸಿತು. ಬಸ್ಸು ಕಂಪಲಾಪುರ ದಾಟಿತು. ನಾನು ಫೋನಿನ ಕಡೆ ನೋಡಿದೆ. ಅವಳು ಇನ್ನೂ ಕಟ್ ಮಾಡಿರಲಿಲ್ಲ.